ಕೋಳಿಗೂಡಿನ ತಂತಿಬಲೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿತ್ತಿಲುಗಳಲ್ಲಿ ಕೋಳಿಯ ಕೂಗು ಹೊಸದಲ್ಲ. ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆಯಿಂದ ಬತ್ತ ಬೆಳೆಯುವುದರಿಂದ ನುಚ್ಚಿಗೂ ತೌಡಿಗೂ ಕೊರತೆಯಿಲ್ಲ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿ ಜೋಳ, ಸಜ್ಜೆಗಳುಂಟು. ಮೇವು ಸುಲಭ, ಕಾವಲು ಕಷ್ಟ. ಬೆಕ್ಕು, ಮುಂಗುಸಿ, ಹೆಗ್ಗಣಗಳಿಂದ ಕೋಳಿಗಳನ್ನು ಕಾಪಾಡಲು ಪಟ್ಟಣವಾಸಿಗಳು ಪೇಟೆಯಿಂದ ತಂತಿಬಲೆಯ ಸುರುಳಿಯನ್ನು ತಂದು ತಾವೇ ಗೂಡು ಕಟ್ಟುವುದುಂಟು. ಪುಸ್ತಕ ಬಲ್ಲ ನಮ್ಮಂಥವರು ಈ ಕೆಲಸವನ್ನು ಅಲ್ಪವೆಂದು ಬಗೆದು ಬರಿಗೈಯಲ್ಲಿ ತೊಡಗುವುದೇ ಅಪಾಯದ ಮೂಲವು.

ಮೊದಲು ಬಲೆಯ ಆಯ್ಕೆ. ಒಂದಂಗುಲದ ಕಣ್ಣಿನ ಆರುಮೂಲೆಯ ಬಲೆಯು ದೊಡ್ಡ ಕೋಳಿಗಳನ್ನು ಒಳಗಿರಿಸಲು ಸಾಕು. ಮರಿಗಳಿರುವಲ್ಲಿ ಇಲಿಗಳು ನುಸುಳದಂತೆ ಅರ್ಧ ಅಂಗುಲದ, ಬೆಸೆದ ಬಲೆಯೇ ಉಚಿತವು.

ಸುತ್ತಿದ ಬಲೆಯು ಬಿಚ್ಚಿದೊಡನೆ ಮತ್ತೆ ಸುರುಳಿಗೊಳ್ಳಲೆಳಸುವುದು. ಅದರ ಚೂಪಾದ ಅಂಚು ಮೋರೆಗೆ ಬಡಿಯಬಹುದು. ಆದುದರಿಂದ ಸಮನೆಲದಲ್ಲಿ ಹಾಸಿ ಎರಡು ತುದಿಗಳಿಗೂ ಭಾರವಾದ ಕಲ್ಲುಗಳನ್ನು ಹೇರಬೇಕು. ಚರ್ಮದ ಕೈಗವಸು, ಮುಚ್ಚಿದ ಪಾದರಕ್ಷೆ, ಕಣ್ಣನ್ನು ಪಕ್ಕದಿಂದಲೂ ಮರೆಮಾಡುವ ಕನ್ನಡಕ, ಈ ಮೂರೂ ಅವಶ್ಯವು. ಓದುವ ಕನ್ನಡಕವು ಪೂರ್ಣ ರಕ್ಷೆಯಲ್ಲ. ಬಟ್ಟೆಯ ಕತ್ತರಿಯಿಂದ ಸೆಣಸದೆ ತಂತಿ ಕತ್ತರಿಸುವ ಇಕ್ಕಳದಿಂದ ಒಂದೊಂದೇ ಎಳೆಯನ್ನು, ಉದ್ದವಾದ ಮೊನೆ ಉಳಿಯದಂತೆ ಗಂಟಿನ ಬಳಿಯಲ್ಲೇ ತುಂಡರಿಸಬೇಕು. ಸಿಡಿಯುವ ತುದಿಯನ್ನು ಇನ್ನೊಂದು ಕೈಯಿಂದ ಹಿಡಿದಿರಬೇಕು. ಮಕ್ಕಳನ್ನು ಹತ್ತಿರ ಬಿಡಕೂಡದು. ಕಡೆಗೆ ಅಂಚುಗಳನ್ನು ಹೊರಮುಖವಾಗಿ ಮಡಿಸಿ ಮರದ ಪಟ್ಟಿಯಿಂದ ಮುಚ್ಚತಕ್ಕದ್ದು.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದೇ ದೊಡ್ಡ ತಪ್ಪು. ನೆಲಕ್ಕೆ ಬಿದ್ದ ತಂತಿಯ ಚೂರು ಬಲೆಗಿಂತಲೂ ಘಾತುಕವಾದುದು. ಕಾಳನ್ನು ಅರೆಯಲು ಹರಳುಗಳನ್ನು ನುಂಗುವ ಕೋಳಿಯು ಹೊಳೆಯುವ ಚೂರನ್ನೂ ಕುಕ್ಕುವುದು; ಅದು ಜಠರವನ್ನು ಚುಚ್ಚಬಹುದು, ಅದರ ಸತುವಿನ ಲೇಪವು ವಿಷವಾಗಬಹುದು. ಕೊಟ್ಟಿಗೆಯು ಪಕ್ಕದಲ್ಲಿದ್ದರೆ ಇನ್ನೂ ಭಯ. ಹಸುವು ಮೇವನ್ನು ಆರಿಸದೆ ನಾಲಗೆಯಿಂದ ಸೆಳೆದು ನುಂಗುವುದು. ನುಂಗಿದ ತಂತಿಯು ಅದರ ಎರಡನೆಯ ಹೊಟ್ಟೆಯಲ್ಲಿ ತಂಗುವುದು. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ತೆಳುವಾದ ವಪೆಯ ತಡೆಯಷ್ಟೇ ಇರುವುದು. ಮೊನೆಯು ಅದನ್ನು ತೂರಿದರೆ, ಒಂದು ಕುಟುಂಬದ ಹಾಲು, ಗೊಬ್ಬರ, ಜೀವನಾಧಾರಗಳು ಒಂದು ಅಂಗುಲದ ತಂತಿಯಿಂದ ಹಾಳಾಗುವುವು.

ಆದುದರಿಂದ ಬಲೆಯ ಕೆಳಗೆ ಹಳೆಯ ಜಮಖಾನೆಯನ್ನು ಹಾಸಿ, ಚೂರುಗಳನ್ನು ಡಬ್ಬಿಯಲ್ಲಿ ಕೂಡಿಸಿ, ಕೊನೆಗೆ ಸೂಜಿಗಲ್ಲನ್ನು ನೆಲದ ಮೇಲೆ ಆಡಿಸಬೇಕು. ಅಷ್ಟಾದ ಮೇಲೆಯೇ ಕೋಳಿಗಳನ್ನು ಬಿಡಬೇಕು.

ಕೈಗೆ ಗಾಯವಾದರೆ ಸಾಬೂನಿನಿಂದ ತೊಳೆದು ವೈದ್ಯರನ್ನು ಕಾಣುವುದು ಯೋಗ್ಯವು. ಹೊಸ ತಂತಿ, ತುಕ್ಕಿಲ್ಲವೆಂದು ಸುಮ್ಮನಿರಬಾರದು; ಧನುರ್ವಾಯುವಿನ ಅಣುಜೀವಿಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವುವು.

ಮೂಕಪ್ರಾಣಿಗೆ ಮನೆ ಕಟ್ಟುವವರು ಅದರ ನೆಲವನ್ನು ಗುಡಿಸಿಕೊಡುವುದೂ ಆ ಕಟ್ಟಡದ ಭಾಗವೆಂದೇ ನಾವು ಭಾವಿಸುವೆವು.