ಕಡಲಿಗೆ ಬಿಡುವು, ಮೀನುಗಾರನಿಗೆ ಬದುಕು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಎರಿ ಹೊಲದ ಊರಾಗ ಕಡಲಿನ ಮಾತು ಯಾಕ್ರಿ ಅಂತ ತಾವು ಕೇಳಬಹುದು. ಕಡಲು ಯಾರ ಉತಾರದಲ್ಲಿಯೂ ಇಲ್ಲ; ಅದು ಎಲ್ಲರ ಸೊತ್ತು. ಎಲ್ಲರ ಸೊತ್ತನ್ನು ಉಳಿಸಿಕೊಂಡು ಉಣ್ಣುವುದು ಹೇಗೆಂಬುದೇ ಸಹಕಾರದ ಪಾಠ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರು ನಾವು. ಈ ವಿಚಾರ ನಮಗೆ ಹೊರಗಿನದಲ್ಲ.

ನಮ್ಮ ರಾಜ್ಯದ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆ ಇತ್ತು. ಹತ್ತಾರು ಜನ ದಂಡೆಯಲ್ಲಿ ನಿಂತು ಕೂಡಿ ಎಳೆದು, ಬಂದ ಬಂಗುಡೆ, ಬೂತಾಯಿ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂತು. ಮೀನಿನ ಹಿಂಡು ದಂಡೆಗೆ ಬರುವ ಮೊದಲೇ ಸುತ್ತುಗಟ್ಟಿ ಹಿಡಿಯುವ ಬಲೆ ಅದು. ರಂಪಣಿ ಮೂಲೆ ಸೇರಿತು.

1986ರಲ್ಲಿ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಉಂಟು. ಮಳೆಗಾಲದಲ್ಲಿ ಬಹಳಷ್ಟು ಮೀನು ಮೊಟ್ಟೆ ಇಡುತ್ತವೆ. ಬಿತ್ತುವ ಬೀಜ ಹುರಿದು ತಿಂದರ ಮುಂದಿನ ಸುಗ್ಗಿ ಎಲ್ಲಿಂದ ಬರಬೇಕು? ರಾತ್ರಿ ಪ್ರಖರ ದೀಪ ಹಚ್ಚಿ ಮೀನು ಸೆಳೆದು ಹಿಡಿಯುವುದನ್ನೂ 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು.

ಆದರೆ ಬರೀ ಬ್ಯಾಡ ಅಂದರ ಹೊಟ್ಟೆ ಕೇಳತದೇನ್ರಿ? ಆ ಎರಡು ತಿಂಗಳೂ ದೋಣಿಯ ಕೂಲಿಕಾರನ ಮನೆಯ ಒಲೆ ಉರಿಯಬೇಕು. ಅದಕ್ಕಾಗಿ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ ಒಂದಿಷ್ಟು ಕೂಡಿಟ್ಟರೆ ಕೇಂದ್ರ, ರಾಜ್ಯ ಸರಕಾರಗಳು ತಮ್ಮ ಪಾಲನ್ನೂ ಸೇರಿಸಿ ಕೊಡುತ್ತವೆ. ನಮ್ಮ ಸಂಘದ ಉಳಿತಾಯದ ದಾರಿಯೇ ಇದು, ಒಳ್ಳೆಯದು. ಆದರೂ ಎರಡು ತಿಂಗಳ ಸಂಸಾರಕ್ಕೆ ಇಷ್ಟು ಸಾಲದು. ಬುಟ್ಟಿ ಹೊತ್ತು ಮೀನು ಮಾರುವ ತಾಯಂದಿರ ಗಳಿಕೆಗೂ ಆಗ ಪೆಟ್ಟು ಬೀಳುತ್ತದೆ. ಪರಿಹಾರ ಸಣ್ಣದಾದಷ್ಟೂ, ತಡವಾದಷ್ಟೂ ಕಾಯ್ದೆ ಮುರಿಯುವ ಆಸೆ ದೊಡ್ಡದಾಗುತ್ತದೆ.

ಆದ್ದರಿಂದ ಕೈ ಕಟ್ಟುವ ಕಾಯ್ದೆಯ ಜೊತೆಗೆ ಕೈ ಹಿಡಿಯುವ ಯೋಜನೆಯೂ ಬೇಕೆಂಬುದು ನಮ್ಮ ವಿಚಾರ. ನಮ್ಮ ಗಾಯರಾಣಕ್ಕೂ, ಕೆರೆಗೂ, ಕೊಳವೆಬಾವಿಯ ನೀರಿಗೂ ಇದೇ ಮಾತು. ದನ ಬಿಡಬ್ಯಾಡ್ರಿ ಅನ್ನುವ ಮೊದಲು ಬಡವನ ದನಕ್ಕೆ ಮೇವು ಎಲ್ಲಿ ಅಂತ ಕೇಳೋಣ. ಕೇಳಿ ಸುಮ್ಮನಾಗದೆ, ಸಂಘದಿಂದ ಆಗುವಷ್ಟು ಮಾಡೋಣ.



ಜೈ ಸಹಕಾರ, ಜೈ ಕರ್ನಾಟಕ.