ಹಳದಿ ಗುಳ್ಳೆಯ ಕಡಲ ಚೆಲುವೆ



ಲಕ್ಷದ್ವೀಪಕ್ಕೆ ಹೋಗಿದ್ದ ನನ್ನ ತಂಗಿ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಪ್ಲಾಸ್ಟಿಕ್ ಡಬ್ಬದಲ್ಲಿ ಸಮುದ್ರದ ನೀರು, ಎರಡು ಪುಟ್ಟ ಮೀನು, ಜೊತೆಗೆ ಬೆರಳುದ್ದದ ಒಂದು ಹುಳು. "ದೊಡ್ಡಮ್ಮ, ಇದೇನು? ಎಷ್ಟು ಚೆಂದ ಇದೆ!" ನಾನು ಹಳೆಯ ಪ್ರಾಣಿಶಾಸ್ತ್ರದ ಪುಸ್ತಕ ತೆಗೆಯುವಷ್ಟರಲ್ಲಿ ಮೀನುಗಳು ಸತ್ತಿದ್ದವು. ಹುಳುವಿಗೆ ಏನೂ ಆಗಿರಲಿಲ್ಲ.

ಕಪ್ಪು ಮೈ, ಉದ್ದಕ್ಕೂ ನೀಲಿ-ಬೂದು ಏಣುಗಳು, ಅವುಗಳ ಮೇಲೆ ಅರಿಶಿನ ಹಚ್ಚಿದಂಥ ಗುಳ್ಳೆಗಳು, ತಲೆಯಲ್ಲಿ ಎರಡು ಹಳದಿ ಕೊಂಬು. ಇದು ಚಿಪ್ಪಿಲ್ಲದ ಕಡಲ ಬಸವನಹುಳು ಎಂದು ಗೊತ್ತಾಯಿತು. ಆದರೆ ಯಾವ ಜಾತಿ? ಇದರ ನೆಂಟರೆಲ್ಲ ಹೆಚ್ಚುಕಡಿಮೆ ಇದೇ ಸೀರೆ ಉಟ್ಟವರು. ಅಷ್ಟರಲ್ಲಿ ಅದು ಡಬ್ಬದ ಗೋಡೆ ಹತ್ತಿತು. ಹೊರಗಿನಿಂದ ತೆಗೆದ ಇನ್ನೊಂದು ಫೋಟೊದಲ್ಲಿ ಅಂಗಾಲಿನ ನಡುವೆ ಉದ್ದನೆಯ ಕಪ್ಪು ಗೆರೆ ಕಂಡಿತು. ಅದೇ ಗುರುತು. 1801ರಲ್ಲಿ ಲಾಮಾರ್ಕ್ ಹೆಸರಿಟ್ಟ ಫಿಲಿಡಿಯಾ ವೆರಿಕೋಸಾ.

ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೆ ಹವಳದ ದಿಬ್ಬಗಳಲ್ಲಿ ಇದರ ವಾಸ. ಹಾಡುಹಗಲೇ ಬಂಡೆಯ ಮೇಲೆ ನಿಧಾನವಾಗಿ ಓಡಾಡುತ್ತದೆ, ಅಡಗುವ ಗೋಜಿಲ್ಲ. ತಿನ್ನುವುದು ಸ್ಪಂಜು. ಸ್ಪಂಜಿನಲ್ಲಿರುವ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು, ಕೆಣಕಿದರೆ ಹೊರಬಿಡುತ್ತದೆ. ಒಂದೇ ಪಾತ್ರೆಯಲ್ಲಿಟ್ಟ ಮೀನು, ಸೀಗಡಿ ಸಾಯುವುದನ್ನು ಹವಾಯಿಯಲ್ಲಿ ಗಮನಿಸಿ 1963ರಲ್ಲಿ ವರದಿ ಮಾಡಿದ್ದರು. ಆ ವಿಷ ಬಂದದ್ದು ಸ್ಪಂಜಿನಿಂದ ಎಂಬುದು 1975ರಲ್ಲಿ ತಿಳಿಯಿತು. ಅಲ್ಲಿನ ಪುಪುಕೆಯ ಎಂಬ ಜಾಗದ ಹೆಸರನ್ನೇ ಆ ರಾಸಾಯನಿಕಕ್ಕೂ ಸೇರಿಸಿದರು. (ನನಗೆ ಆ ಹೆಸರು ಈಗಲೂ ನಾಲಿಗೆ ತಿರುಗುವುದಿಲ್ಲ.)

ಇದರ ವೇಷ ಹಾಕುವವರೂ ಇದ್ದಾರೆ. ಕಾಗದದಷ್ಟು ತೆಳುವಾದ ಒಂದು ಚಪ್ಪಟೆ ಹುಳು, ಒಂದು ಜಾತಿಯ ಸಮುದ್ರ ಸೌತೆಯ ಮರಿ. ಸಮುದ್ರ ಸೌತೆಯ ಮರಿಗೆ ಆ ಎರಡು ಕೊಂಬು ಇರುವುದಿಲ್ಲ. ಗೊತ್ತಿಲ್ಲದೆ ಅದನ್ನು ಎತ್ತಿದರೆ ಇನ್ನೊಂದು ತೊಂದರೆ. ನಮ್ಮ ದೇಶದಲ್ಲಿ ಸಮುದ್ರ ಸೌತೆಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಸೇರಿಸಿದ್ದಾರೆ.

ಇದನ್ನೆಲ್ಲ ಹೇಳಿದಾಗ ಹುಡುಗಿ ಅತ್ತಳು, ಮೀನಿಗಾಗಿ. ಆಮೇಲೆ ಡಬ್ಬ ಹಿಡಿದು, ಎತ್ತಿಕೊಂಡ ಬಂಡೆಯ ಬಳಿಗೇ ಹೋಗಿ ಅದನ್ನು ಬಿಟ್ಟಳು. ಮರುದಿನ ಇನ್ನೊಂದು ಫೋಟೊ ಬಂತು, ನೀರಿನೊಳಗೆ ತೆಗೆದದ್ದು. ಅದರಲ್ಲಿ ಅಂಗಾಲು ಕಾಣುವುದಿಲ್ಲ. ನಾನೂ ಕೇಳಲಿಲ್ಲ.