ದೂರದರ್ಶನದ ಉಚಿತ ಪ್ರಸಾರ ಮತ್ತು ನಮ್ಮ ಮಕ್ಕಳ ಪಾಠ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವವನಿಗೆ ಟಿವಿ ಟವರಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾರಣವಿದೆ. ನಾನು ಮಾಡಿದ ಒಂದು ತಪ್ಪು ಇದರಲ್ಲಿ ಸೇರಿದೆ. ಅದನ್ನು ಹೇಳುವ ಮೊದಲು ನಿಮ್ಮನ್ನು ಒಂದು ಮಾಳಿಗೆಯ ಮೇಲೆ ಕರೆದುಕೊಂಡು ಹೋಗುತ್ತೇನೆ.

ನಾನು ಚಿಕ್ಕವನಿದ್ದಾಗ, ಅಂದರೆ 1990ರ ದಶಕದ ಕೊನೆಯಲ್ಲಿ, ನಮ್ಮ ಮನೆಯಲ್ಲಿ ಒಂದು ಕಪ್ಪು-ಬಿಳುಪು ಟಿವಿ ಇತ್ತು. ಮಾಳಿಗೆಯ ಮೇಲೆ ಉದ್ದನೆಯ ಪೈಪು, ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ಭಾನುವಾರ ಬಂತೆಂದರೆ ಭಾಯಿ ಮೇಲೆ ಹತ್ತಿ ಪೈಪು ತಿರುವುವರು. ನಾನು ಬಾಗಿಲಲ್ಲಿ, ಅಮ್ಮಿ ಟಿವಿ ಮುಂದೆ. ಮೇಲಿನಿಂದ "ಆಯಾ ಕ್ಯಾ?" ಎಂಬ ಕೂಗು. ಒಳಗಿನಿಂದ "ಔರ್ ಜರಾ, ಔರ್ ಜರಾ... ಬಸ್, ಹಿಲಾ ನಕ್ಕೊ!" ಎಂಬ ಉತ್ತರ. ನಿಮ್ಮಲ್ಲಿ ಮೂವತ್ತು ದಾಟಿದವರೆಲ್ಲ ಈಗ ನಗುತ್ತಿದ್ದೀರಿ. ನಿಮ್ಮ ಮನೆಯಲ್ಲೂ ಇದೇ ನಡೆದಿರಬೇಕು.

ನಮ್ಮ ಆಂಟೆನಾ ವಾಯವ್ಯಕ್ಕೆ, ಧಾರವಾಡದ ಕಡೆಗೆ ಮುಖ ಮಾಡಿತ್ತು. 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾಯಿತು. ಕಚೇರಿಗಳು ಬೇರೆಯಾದವು, ಆದರೆ ಆಂಟೆನಾ ಮಾತ್ರ ಧಾರವಾಡವನ್ನೇ ನೋಡುತ್ತಿತ್ತು.

ಚಿತ್ರ ಏಕೆ ಅಷ್ಟು ಸತಾಯಿಸುತ್ತಿತ್ತು? ವಿದ್ಯಾರ್ಥಿಗಳು ಈ ಲೆಕ್ಕ ಬರೆದುಕೊಳ್ಳಿ. ಟಿವಿಯ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿದೆ, ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲ ಕಂಡುಹಿಡಿಯಿರಿ. ಮನೆಯ ಆಂಟೆನಾದ ಎತ್ತರಕ್ಕೂ ಹಾಗೆಯೇ ಮಾಡಿ. ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿದರೆ ಅಲೆ ಮುಟ್ಟುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಉದಾಹರಣೆಗೆ 150 ಮೀಟರ್ ಗೋಪುರ, 9 ಮೀಟರ್ ಆಂಟೆನಾ ಎಂದು ಹಿಡಿದರೆ ಸುಮಾರು 63 ಕಿಲೋಮೀಟರ್. ಧಾರವಾಡದಿಂದ ಹಾವೇರಿಗೆ ಹಕ್ಕಿ ಹಾರಿದ ದಾರಿಯಲ್ಲೇ ಸುಮಾರು 85 ಕಿಲೋಮೀಟರ್. ಬ್ಯಾಡಗಿ, ರಾಣೇಬೆನ್ನೂರು ಇನ್ನೂ ಆಚೆ. ನಾವು ಅಂಚಿನ ಹೊರಗಿನವರು. ಬೂಸ್ಟರ್ ಕಟ್ಟಿ, ಗಾಳಿಯ ದಯೆಯಿಂದ, ಹಿಮ ಸುರಿದಂಥ ಪರದೆಯಲ್ಲಿ ನೋಡುತ್ತಿದ್ದೆವು. ಇಂಥ ದೂರದ ಊರುಗಳನ್ನು ಮುಟ್ಟಲೆಂದೇ 1984ರ ಹೊತ್ತಿನಲ್ಲಿ ದೂರದರ್ಶನ ದೇಶದ ತುಂಬ ಕಡಿಮೆ ಶಕ್ತಿಯ ಸಣ್ಣ ಗೋಪುರಗಳನ್ನು ನಿಲ್ಲಿಸತೊಡಗಿತು. ಕಾಲಕ್ರಮದಲ್ಲಿ ದೊಡ್ಡವು, ಸಣ್ಣವು ಎಲ್ಲ ಸೇರಿ ದೂರದರ್ಶನದ ಗೋಪುರಗಳ ಸಂಖ್ಯೆ 1400 ದಾಟಿತು.

ಆದರೂ ಆ ಹಳೆಯ ಪದ್ಧತಿಯಲ್ಲಿ ಎರಡು ಒಳ್ಳೆಯ ಗುಣಗಳಿದ್ದವು. ಒಂದು, ಚಿತ್ರ ಹಾಳಾದರೂ ಮಾತು ಕೇಳುತ್ತಿತ್ತು. ಇನ್ನೊಂದು, ತಿಂಗಳ ಹಣ ಕೇಳುವವರು ಯಾರೂ ಇರಲಿಲ್ಲ. ಒಮ್ಮೆ ಆಂಟೆನಾ ಕೊಂಡರೆ ಮುಗಿಯಿತು.

ಟಿವಿ ನಮ್ಮ ರಾಜ್ಯಕ್ಕೆ ಬಂದ ಬಗೆಯನ್ನು ನೀವು ತಿಳಿಯಬೇಕು. ಅದು ಮೊದಲು ಬಂದದ್ದು ಬೆಂಗಳೂರಿನ ಬಂಗಲೆಗಳಿಗಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಸಾರ್ವಜನಿಕ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ಕನ್ನಡ ನಾಡಿನಲ್ಲಿ ಟಿವಿ ಹುಟ್ಟಿದ್ದೇ ಹಿಂದುಳಿದ ಹಳ್ಳಿಯ ಮಕ್ಕಳ ಪಾಠಕ್ಕಾಗಿ.

ಈಗ ಡಿಜಿಟಲ್ ವಿಷಯಕ್ಕೆ ಬರೋಣ. ಡಿಜಿಟಲ್ ಎಂದರೆ ಬರೀ ಡಿಶ್ ಅಲ್ಲ. ನೆಲದ ಮೇಲಿನ ಗೋಪುರದಿಂದಲೇ ಡಿಜಿಟಲ್ ಪ್ರಸಾರ ಮಾಡಬಹುದು. ಹಳೆಯ ಪದ್ಧತಿಯಲ್ಲಿ ಒಂದು ವಾಹಿನಿ ತುಂಬಿಕೊಳ್ಳುತ್ತಿದ್ದ ಜಾಗದಲ್ಲಿ ಇದು ಹಲವು ವಾಹಿನಿಗಳನ್ನು ಕಳಿಸುತ್ತದೆ. ಇದರ ಸ್ವಭಾವ ಮಾತ್ರ ಬೇರೆ. ಅಲೆ ಸಾಕಷ್ಟು ಸಿಕ್ಕರೆ ಕನ್ನಡಿಯಂಥ ಚಿತ್ರ, ಸ್ವಲ್ಪ ಕಡಿಮೆಯಾದರೆ ಏನೂ ಇಲ್ಲ. ಹಿಮದ ಹಿಂದಿನ ಮಾತು ಇದರಲ್ಲಿ ಕೇಳಿಸುವುದಿಲ್ಲ. ಆದ್ದರಿಂದ ನಮ್ಮಂಥ ಅಂಚಿನ ಊರುಗಳಿಗೆ ಡಿಜಿಟಲ್ ಬೇಕೆಂದರೆ ಹತ್ತಿರದಲ್ಲೇ ಗೋಪುರ ಬೇಕು.

2016ರ ಫೆಬ್ರುವರಿ 25ರಂದು ದೂರದರ್ಶನ 16 ನಗರಗಳಲ್ಲಿ ಈ ಹೊಸ ಪ್ರಸಾರ ಆರಂಭಿಸಿತು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ಉಳಿದ ಊರುಗಳಲ್ಲಿ ಹಳೆಯ ಗೋಪುರಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದರು. 2022ರ ಮಾರ್ಚ್ ಹೊತ್ತಿಗೆ ಆಯಕಟ್ಟಿನ ಜಾಗದ ಸುಮಾರು ಐವತ್ತನ್ನು ಬಿಟ್ಟು ದೇಶದ ಉಳಿದವನ್ನೆಲ್ಲ ಮುಚ್ಚುವುದೆಂದು ಪ್ರಸಾರ ಭಾರತಿ ತಿಳಿಸಿತ್ತು. ಇದರಲ್ಲಿ ನ್ಯಾಯವಾದ ಕಾರಣವೂ ಇದೆ. ಆ ಗೋಪುರಗಳನ್ನು ನೋಡುವವರೇ ಉಳಿದಿರಲಿಲ್ಲ, ವಿದ್ಯುತ್ತಿನ ಖರ್ಚು ಮಾತ್ರ ಇತ್ತು. ಎಲ್ಲರೂ ಕೇಬಲ್ಲಿಗೆ, ಡಿಶ್‌ಗೆ ಹೋಗಿದ್ದೆವು. ನಮ್ಮ ಪಟ್ಟಣಗಳ ಕೇಬಲ್ ಡಿಜಿಟಲ್ ಆಗಲು ಸರಕಾರ ಕೊಟ್ಟ ಗಡುವು 2015ರ ಡಿಸೆಂಬರ್ 31. ಆಗ ಮನೆಮನೆಗೆ ಸೆಟ್ ಟಾಪ್ ಬಾಕ್ಸ್ ಬಂತು, ಅದರ ಹಿಂದೆಯೇ ರೀಚಾರ್ಜ್ ಎಂಬ ಮಾತೂ ಬಂತು. 2019ರ ದರ ಪದ್ಧತಿಯಲ್ಲಿ ಒಂದೂ ಹಣದ ವಾಹಿನಿ ಆರಿಸದವರಿಗೂ ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿ ಮತ್ತು ತೆರಿಗೆಯವರೆಗೆ ಶುಲ್ಕ ಬಿತ್ತು. ಉಚಿತ ದೂರದರ್ಶನವನ್ನೂ ಹಣ ಕೊಟ್ಟು ನೋಡುವಂತಾಯಿತು. ನಮಗೆ ಅದು ಗೊತ್ತೇ ಆಗಲಿಲ್ಲ.

ನನಗೆ ಗೊತ್ತಾದದ್ದು 2020ರಲ್ಲಿ. ಕೊರೋನಾದಿಂದ ಶಾಲೆಗಳು ಮುಚ್ಚಿದ್ದವು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಹೆಸರಿನಲ್ಲಿ 8, 9, 10ನೇ ತರಗತಿಗಳ ಪಾಠ ಶುರುವಾಯಿತು. ನಾವು ಶಿಕ್ಷಕರು ಮಕ್ಕಳಿಗೆ ವೇಳಾಪಟ್ಟಿ ಕಳಿಸಿ, ನೋಟ್ಸ್ ಬರೆಯಲು ಹೇಳಿ, ಫೋನ್ ಮಾಡಿ ವಿಚಾರಿಸುತ್ತಿದ್ದೆವು. ಹತ್ತನೇ ತರಗತಿಯ ಒಬ್ಬ ಹುಡುಗಿ ವಾರಗಟ್ಟಲೆ ಏನೂ ಬರೆದಿರಲಿಲ್ಲ. ಕೇಳಿದರೆ "ನೋಡಿಲ್ಲ ಸರ್" ಎನ್ನುತ್ತಿದ್ದಳು, ಅಷ್ಟೇ. ಮನೆಯಲ್ಲಿ ಟಿವಿ ಇದೆಯೇ ಎಂದರೆ ಇದೆ. "ಟಿವಿ ಇಟ್ಟುಕೊಂಡು ಪಾಠ ನೋಡುವುದಿಲ್ಲ ಎಂದರೆ ಸೋಮಾರಿತನ" ಎಂದು ಗದರಿಸಿದೆ. ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದು ಬರೆದುಕೊಂಡೆ.

ಕೆಲವು ದಿನಗಳ ನಂತರ ಅವರ ಮನೆಗೆ ಹೋದೆ. ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವರು, ಆ ತಿಂಗಳುಗಳಲ್ಲಿ ಕೆಲಸ ನಿಂತಿತ್ತು. ಟಿವಿಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು ಹಚ್ಚಿ ತೋರಿಸಿದರು. ಪರದೆಯ ಮೇಲೆ ರೀಚಾರ್ಜ್ ಮಾಡಿಸಿ ಎಂಬ ಒಂದು ಸಾಲು. ಎರಡು ತಿಂಗಳಿಂದ ಅಷ್ಟೇ ಕಾಣುತ್ತಿತ್ತು. "ಮಾಸ್ತರ್ ಸಾಬ್, ಅಕ್ಕಿ ತರಲೋ, ಇದಕ್ಕೆ ಹಾಕಲೋ?" ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಹಣವಿಲ್ಲ ಎಂದು ಸರ್ ಮುಂದೆ ಹೇಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ಅವಳಿಗೆ ಮೇಲಾಗಿತ್ತು. ತಲೆ ತಗ್ಗಿಸಬೇಕಾದವನು ನಾನು.

ನಮ್ಮ ಮಕ್ಕಳಿಗೆ ಇದರಿಂದ ಇನ್ನೊಂದು ನಷ್ಟವೂ ಆಯಿತು. ಮನೆಯಲ್ಲಿ ಆಡುವುದು ದಖನಿ, ಶಾಲೆಯ ಮಾಧ್ಯಮ ಉರ್ದು. ಶಾಲೆ, ಪೇಟೆ ಎರಡೂ ಮುಚ್ಚಿದಾಗ ಒಳ್ಳೆಯ ಕನ್ನಡ ಕಿವಿಗೆ ಬೀಳುವ ದಾರಿ ಆ ಟಿವಿ ಒಂದೇ ಆಗಿತ್ತು. ಮುಂದಿನ ಜುಲೈನಲ್ಲಿ ಎರಡೇ ದಿನಗಳ ಸರಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದು ಹೆಚ್ಚುಕಡಿಮೆ ಎಲ್ಲರೂ ಪಾಸಾದರು, ಅವಳೂ ಪಾಸಾದಳು. ತಪ್ಪಿಹೋದ ಪಾಠ ಮಾತ್ರ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಆಗ ನನಗೆ ತಿಳಿದಿರಬೇಕಾಗಿದ್ದ ಒಂದು ಸಂಗತಿಯನ್ನು ಇಂದು ನಿಮಗೆ ಹೇಳುತ್ತೇನೆ. 2004ರ ಡಿಸೆಂಬರ್‌ನಿಂದಲೇ ದೂರದರ್ಶನದ ಉಚಿತ ಡಿಶ್ ಸೇವೆ ಇದೆ. ಮೊದಲು 'ಡಿಡಿ ಡೈರೆಕ್ಟ್ ಪ್ಲಸ್', ಈಗ 'ಡಿಡಿ ಫ್ರೀ ಡಿಶ್'. ಡಿಶ್ ಮತ್ತು ಬಾಕ್ಸ್ ಒಮ್ಮೆ ಕೊಂಡರೆ ತಿಂಗಳ ಹಣವಿಲ್ಲ. ಚಂದನ ಇದೆ, ಡಿಡಿ ಉರ್ದು ಇದೆ, ತರಗತಿಗೊಂದರಂತೆ ಶಿಕ್ಷಣ ವಾಹಿನಿಗಳಿವೆ. ಇದು ಸಿಗುವ ಜೀಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹಾವೇರಿಯಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ನಮ್ಮ ಹಳೆಯ ಆಂಟೆನಾ ವಾಯವ್ಯ ನೋಡುತ್ತಿತ್ತು, ಈ ಡಿಶ್ ಅದಕ್ಕೆ ಸರಿಯಾಗಿ ಬೆನ್ನು ತಿರುಗಿಸಿ ಕೂಡುತ್ತದೆ. ಮುಂದೆ ಮರ, ಗೋಡೆ ಅಡ್ಡ ಇರಬಾರದು. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಗಾಬರಿ ಬೇಡ.

ಆ ವರ್ಷ ನಾವು ನಾಲ್ಕೈದು ಜನ ಶಿಕ್ಷಕರು ಕೂಡಿ ಅವಳ ಮನೆ ಸೇರಿ ಕೆಲವು ಮನೆಗಳಿಗೆ ಡಿಶ್ ಹಾಕಿಸಿದೆವು. ತಡವಾಗಿ ಹಾಕಿಸಿದೆವು. ಇನ್ನೊಂದು ಮನೆಯ ಹಿರಿಯರು, ಮನೆಯಲ್ಲಿ ಟಿವಿ ಬೇಡ ಎಂದು ಮೊದಲಿನಿಂದ ನಡೆದುಕೊಂಡು ಬಂದವರು. ಅವರ ಜೊತೆ ನಾನು ವಾದ ಮಾಡಲಿಲ್ಲ. "ಚಾಚಾ, ಪಾಠದ ಹೊತ್ತಿಗೆ ಮಾತ್ರ ಮೊಮ್ಮಗಳನ್ನು ಪಕ್ಕದ ಮನೆಗೆ ಕಳಿಸಿರಿ" ಎಂದೆ. ಅವರು ಸ್ವಲ್ಪ ಯೋಚಿಸಿ, "ಪಾಠವಾದರೆ ನಾನೇ ಕರೆದುಕೊಂಡು ಹೋಗುತ್ತೇನೆ" ಎಂದರು. ದಿನವೂ ಹೊರಗಿನ ಕಟ್ಟೆಯ ಮೇಲೆ ಕುಳಿತು, ಪಾಠ ಮುಗಿದ ಮೇಲೆ ಕರೆತರುತ್ತಿದ್ದರು.

ಟಿವಿ ಶಿಕ್ಷಕನ ಜಾಗ ತುಂಬುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಮಗುವಿನ ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ, ಮಗುವಿನ ಮುಖ ನೋಡುವುದಿಲ್ಲ. ಆದರೆ ಶಾಲೆಯ ಬಾಗಿಲು ಮುಚ್ಚಿದ ದಿನ ತೆರೆದಿರುವ ಕಿಟಕಿ ಅದು. ಆ ಕಿಟಕಿಗೆ ತಿಂಗಳ ಬಾಡಿಗೆ ಇರಬಾರದು.

ಈಗ ಮೊಬೈಲಿಗೇ, ಇಂಟರ್‌ನೆಟ್ ಇಲ್ಲದೆ, ಗೋಪುರದಿಂದ ನೇರ ಪ್ರಸಾರ ಮಾಡುವ ಪ್ರಯೋಗಗಳು ನಮ್ಮ ದೇಶದಲ್ಲಿ ನಡೆದಿವೆ. ಪ್ರಸಾರ ಭಾರತಿಯ ಜೊತೆ ಕಾನ್ಪುರದ ಐಐಟಿ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಕೆಲಸ ಮಾಡಿವೆ. ಅದು ಬಂದಾಗ ಮತ್ತೆ ದೊಡ್ಡ ನಗರಗಳಲ್ಲೇ ನಿಲ್ಲದಿರಲಿ ಎಂದು ಕೇಳುವ ಹಕ್ಕು ಹಾವೇರಿಯವರಿಗೂ ಇದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಕೊನೆಯದಾಗಿ ನನ್ನ ಮೂರು ವಿನಂತಿಗಳು. ಸಂಸ್ಥೆಯ ಸದಸ್ಯರೇ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಮನೆಯಲ್ಲಿ ಟಿವಿ ಇದೆಯೇ' ಎಂದು ಕೇಳುವುದರ ಜೊತೆಗೆ 'ಅದು ಈಗ ನಡೆಯುತ್ತಿದೆಯೇ' ಎಂದೂ ಕೇಳಿರಿ. ನಡೆಯದ ಮನೆಗೆ ಒಂದು ಉಚಿತ ಡಿಶ್ ಕೊಡಿಸುವುದು ನಮ್ಮ ಕೈಲಾಗದ ಕೆಲಸವಲ್ಲ. ವಿದ್ಯಾರ್ಥಿಗಳೇ, ಡಿಶ್ ಕೂಡಿಸುವುದನ್ನು ನೀವೇ ಕಲಿಯಿರಿ. ದಿಕ್ಕು, ಕೋನ, ವರ್ಗಮೂಲ ಎಲ್ಲ ಆ ಮಾಳಿಗೆಯ ಮೇಲೇ ಅರ್ಥವಾಗುತ್ತವೆ. ಶಿಕ್ಷಕ ಬಂಧುಗಳೇ, ಮಗುವಿನ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದು ಬರೆಯುವ ಮೊದಲು ಒಮ್ಮೆ ಅದರ ಮನೆಗೆ ಹೋಗಿ ಬನ್ನಿ.